ಏಳು ಜನರ ತಂಡ, ನೂರೆಂಟು ವಾಟ್ಸಾಪ್ ಮೆಸೇಜು: ಕೆಲಸ ನಿಭಾಯಿಸಲು ಯಾವ ಟೂಲ್ ಹಿಡಿಯೋಣ?

ತುಂಗಾತೀರ | ಸೋಮವಾರ ರಾತ್ರಿ 9:12

ನಮಸ್ಕಾರ ಎಲ್ಲರಿಗೂ. ಶಿವಮೊಗ್ಗದಲ್ಲಿ ನಮ್ಮದೊಂದು ಚಿಕ್ಕ ತಂಡ ಇದೆ. ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಒಟ್ಟು ಏಳು ಜನ. ನಾಲ್ವರು ಕೋಡ್ ಬರೆಯುತ್ತಾರೆ, ಒಬ್ಬರು ಟೆಸ್ಟಿಂಗ್ ನೋಡಿಕೊಳ್ಳುತ್ತಾ ಆಫೀಸಿನ ಲೆಕ್ಕವನ್ನೂ ಬರೆಯುತ್ತಾರೆ, ಇನ್ನಿಬ್ಬರು ಸಪೋರ್ಟ್. ಈ ಇಬ್ಬರು ಆಫೀಸಿನಲ್ಲಿ ಸಿಗುವುದೇ ಅಪರೂಪ. ಬೈಕ್ ಹತ್ತಿ ಸಾಗರ, ತೀರ್ಥಹಳ್ಳಿ, ಭದ್ರಾವತಿ ಅಂತ ಮಂಡಿಯಿಂದ ಮಂಡಿಗೆ ಓಡಾಡುತ್ತಿರುತ್ತಾರೆ.

ಇಲ್ಲಿಯವರೆಗೆ ನಮ್ಮ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಅಂದರೆ ಒಂದು ವಾಟ್ಸಾಪ್ ಗ್ರೂಪು, ನನ್ನ ತಲೆ, ಮೇಜಿನ ಮೇಲೊಂದು ಡೈರಿ. ಮೂರು ವರ್ಷ ಹೇಗೋ ನಡೆಯಿತು. ಈ ದೀಪಾವಳಿಗೆ ಕೈಕೊಟ್ಟಿತು.

ಒಂದೇ ಬಿಲ್ಲಿನಲ್ಲಿ ರಾಶಿ ಮತ್ತು ಗೊರಬಲು ಅನ್ನುವ ಎರಡು ಬಗೆಯ ಅಡಿಕೆ ಇದ್ದರೆ ನಮ್ಮ ಸಾಫ್ಟ್‌ವೇರ್ ಹಮಾಲಿ (ಮೂಟೆ ಹೊರುವ ಕೂಲಿ) ಎರಡು ಸಲ ಕಳೆಯುತ್ತಿತ್ತು. ನಮ್ಮ ಸಪೋರ್ಟ್ ಹುಡುಗ ಅದನ್ನು ಕಂಡುಹಿಡಿದು 42 ಸೆಕೆಂಡಿನ ವಾಯ್ಸ್ ಮೆಸೇಜ್ ಹಾಕಿದ್ದ. ಅದು ಹಬ್ಬದ ಹಿಂದಿನ ಸಂಜೆ. ಅದರ ಕೆಳಗೆ ದೀಪದ ಫೋಟೋ, ಹೋಳಿಗೆ ಫೋಟೋ, ಶುಭಾಶಯ ಅಂತ ಸಾಲು ಸಾಲು ಬಂದು ಬಿತ್ತು. ಯಾರೂ ಕೇಳಿಸಿಕೊಂಡಿಲ್ಲ. ಹತ್ತು ದಿನ ಆದ ಮೇಲೆ ಮಂಡಿ ಯಜಮಾನರ ಫೋನು: "ರೈತರು ಚೀಟಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಏನು ಹೇಳಲಿ?" 31 ಬಿಲ್ಲು ವಾಪಸ್ ತಿದ್ದಿಕೊಟ್ಟೆವು. ಮರುವಾರ ಇನ್ನೊಂದು ತಪ್ಪನ್ನು ಇಬ್ಬರು ಎರಡು ರೀತಿಯಲ್ಲಿ ಸರಿಮಾಡಿ ಇಟ್ಟಿದ್ದರು. ಅದನ್ನು ಬಿಡಿಸುವುದಕ್ಕೆ ಮತ್ತೆ ಒಂದು ದಿನ.

ಹಾಗಾಗಿ ಕೇಳುತ್ತಿದ್ದೇನೆ. ಜಿರಾ, ಟ್ರೆಲೊ, ರೆಡ್‌ಮೈನ್, ಝೋಹೊ, ಗಿಟ್‌ಹಬ್ ಇಶ್ಯೂಸ್, ಯಾವುದು ಒಳ್ಳೆಯದು? ದುಡ್ಡು ಜಾಸ್ತಿ ಇಲ್ಲ. ಕೊಯ್ಲು ಶುರುವಾಗಿದೆ, ಹೊಸದನ್ನು ಕಲಿಯಲು ಪುರುಸೊತ್ತೂ ಇಲ್ಲ. ಸಪೋರ್ಟಿನವರ ಹತ್ತಿರ ಇರುವುದು ಫೋನ್ ಮಾತ್ರ.

ಒಂದುಹಾಳೆ | ಸೋಮವಾರ ರಾತ್ರಿ 9:31

ಗೂಗಲ್ ಶೀಟ್ ಸಾಕು ಗುರು. ಕ್ರಮಸಂಖ್ಯೆ, ಮಂಡಿ, ಸಮಸ್ಯೆ, ಯಾರು, ಯಾವಾಗ, ಆಯ್ತಾ ಇಲ್ವಾ. ಆರು ಕಾಲಂ. ಮುಗೀತು. ಏಳು ಜನಕ್ಕೆ ಜಿರಾ ಅಂದರೆ ಕೊತ್ತಂಬರಿ ತರಲು ಲಾರಿ ತೆಗೆದುಕೊಂಡು ಹೋದ ಹಾಗೆ.

ಬಗ್‌ಬೇಟೆ | ಸೋಮವಾರ ರಾತ್ರಿ 10:05

ಟೂಲ್ ಹೆಸರು ಆಮೇಲೆ. ಮೊದಲು ನಿಮ್ಮ ಎರಡು ಕಥೆಗಳನ್ನೇ ನೋಡೋಣ. ಅವೆರಡೂ ಒಂದೇ ಕಾಯಿಲೆ ಅಲ್ಲ.

ಹಮಾಲಿ ವಿಷಯದಲ್ಲಿ ದೂರು ಬಂದಿದೆ, ಆದರೆ ಎಲ್ಲೂ ದಾಖಲಾಗಿಲ್ಲ. ವಾಯ್ಸ್ ಮೆಸೇಜನ್ನು ಹುಡುಕಲು ಆಗುವುದಿಲ್ಲ, ಕಣ್ಣಾಡಿಸಲೂ ಆಗುವುದಿಲ್ಲ. ಅದು ಹರಿದುಹೋಗುವ ನೀರು. ಎರಡನೆಯದರಲ್ಲಿ ಎಲ್ಲರಿಗೂ ಗೊತ್ತಿತ್ತು, ಆದರೆ ಅದು ಯಾರ ಕೆಲಸ ಅಂತ ಗೊತ್ತಿರಲಿಲ್ಲ. ಮೊದಲನೆಯದಕ್ಕೆ ದೂರು ಬಂದು ಬೀಳುವ ಒಂದೇ ಜಾಗ ಬೇಕು. ಎರಡನೆಯದಕ್ಕೆ ಪ್ರತಿ ಕೆಲಸದ ಮೇಲೆ ಒಬ್ಬರ ಹೆಸರು ಬೇಕು, ಇಬ್ಬರದ್ದಲ್ಲ. ಇವೆರಡನ್ನು ಕೊಡದ ಟೂಲ್ ಈಗ ಮಾರುಕಟ್ಟೆಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಯಾವುದು ಜಾಸ್ತಿ ಮಾಡುತ್ತದೆ ಅಂತ ನೋಡಲು ಹೋಗಬೇಡಿ. ಸಪೋರ್ಟಿನ ಆ ಹುಡುಗ ಮಂಡಿಯ ಗದ್ದಲದಲ್ಲಿ, ಒಂದು ಕೈಯಲ್ಲಿ ಹೆಲ್ಮೆಟ್ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ದೂರು ಹಾಕಲು ಆಗುತ್ತದಾ? ಅದೊಂದೇ ಪರೀಕ್ಷೆ.

ನಾನು ಬೆಂಗಳೂರಿನಲ್ಲಿ ಟೆಸ್ಟರ್. ಹಿಂದೆ ಒಂದು ದೊಡ್ಡ ಕಂಪನಿಯಲ್ಲಿದ್ದೆ. ಅಲ್ಲಿ ಒಂದು ಬಗ್ (ಸಾಫ್ಟ್‌ವೇರಿನ ತಪ್ಪು) ದಾಖಲಿಸಲು 14 ಖಾನೆ ತುಂಬಬೇಕಿತ್ತು, ಎಲ್ಲವೂ ಕಡ್ಡಾಯ. ಮೂಲ ಕಾರಣ ಏನು ಅನ್ನುವ ಖಾನೆಯೂ ಕಡ್ಡಾಯ. ಬಗ್ ಕಂಡ ಐದು ನಿಮಿಷಕ್ಕೆ ಮೂಲ ಕಾರಣ ಯಾರಿಗೆ ಗೊತ್ತಿರುತ್ತೆ ಹೇಳಿ! ಎಲ್ಲರೂ ಅಲ್ಲಿ ಒಂದು ಚುಕ್ಕಿ ಇಟ್ಟು ಮುಂದೆ ಹೋಗುತ್ತಿದ್ದೆವು. ವರ್ಷದ ಕೊನೆಗೆ ಮ್ಯಾನೇಜರ್ ಮೂಲ ಕಾರಣಗಳ ಪೈ ಚಾರ್ಟ್ ತೆಗೆದರು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ತುಂಡು ಚುಕ್ಕಿಯದ್ದು. ಸ್ಕ್ರೀನ್ ಮೇಲೆ ನೀಲಿ ಬಣ್ಣದ ದೊಡ್ಡ ತುಂಡು, ಪಕ್ಕದಲ್ಲಿ ಬರೀ ".". ಮೀಟಿಂಗಿನಲ್ಲಿ ಯಾರೂ ಏನೂ ಕೇಳಲಿಲ್ಲ.

ಕಡಲಾಚೆ | ಮಂಗಳವಾರ ಬೆಳಿಗ್ಗೆ 5:48

ಚುಕ್ಕಿ ಕಥೆ ಓದಿ ಕಾಫಿ ಚೆಲ್ಲಿದೆ. 😄

ಜಿರಾ ಹೆಸರು ಎತ್ತಿದ ಕೂಡಲೇ ಎಲ್ಲರೂ ಬೈಯಲು ಶುರುಮಾಡುತ್ತಾರೆ. ನಾನಿರುವುದು ಸಿಡ್ನಿಯಲ್ಲಿ, ಅದು ಹುಟ್ಟಿದ ಊರಿನಲ್ಲೇ. ಅಟ್ಲಾಸಿಯನ್ ಕಂಪನಿ ಶುರುವಾದದ್ದು 2002ರಲ್ಲಿ. ಅವರು ಮೊದಲು ಬಗ್‌ಗಳನ್ನು ಬಗ್‌ಜಿಲ್ಲಾ ಅನ್ನುವ ಟೂಲಿನಲ್ಲಿ ಬರೆದಿಡುತ್ತಿದ್ದರು. ಅದರಿಂದ ಗಾಡ್‌ಜಿಲ್ಲಾ ನೆನಪಾಗಿ, ಅದರ ಜಪಾನಿ ಹೆಸರು ಗೊಜಿರಾದ ತಲೆ ಕತ್ತರಿಸಿ ಜಿರಾ ಮಾಡಿದರು. ಜೀರಿಗೆಗೂ ಅದಕ್ಕೂ ಸಂಬಂಧ ಇಲ್ಲ.

ವಿಷಯಕ್ಕೆ ಬರುತ್ತೇನೆ. ಹತ್ತು ಜನರವರೆಗೆ ಜಿರಾ ಕ್ಲೌಡ್ ಉಚಿತ. ಏಳು ಜನಕ್ಕೆ ದುಡ್ಡಿನ ಪ್ರಶ್ನೆ ಬರುವುದಿಲ್ಲ. 14 ಖಾನೆ ಇಡು ಅಂತ ಅದೇನೂ ಹೇಳುವುದಿಲ್ಲ, ಇಟ್ಟವರು ಮನುಷ್ಯರು. ಖಾನೆ ತೆಗೆದುಹಾಕಿದರೆ ಅದೂ ಮಾಡಬೇಕು, ಮಾಡುತ್ತಿದ್ದೇವೆ, ಮುಗೀತು ಅನ್ನುವ ಮೂರು ಕಾಲಂನ ಬೋರ್ಡೇ. ಆದರೆ ಒಂದು ಮಾತು ನಿಜ. ಅದನ್ನು ಹದದಲ್ಲಿ ಇಡಲು ಒಬ್ಬರು ಬೇಕು. ನಮ್ಮ ತಂಡದಲ್ಲಿ ಆ ಒಬ್ಬ ನಾನೇ. ವಾರಕ್ಕೆ ಎರಡು ಗಂಟೆ ಅದಕ್ಕೇ ಹೋಗುತ್ತೆ.

ಅಂದಹಾಗೆ ಟ್ರೆಲೊ ಬೇರೆ ಮನೆಯದು ಅಂದುಕೊಂಡಿದ್ದರೆ, ಅದನ್ನೂ 2017ರಲ್ಲಿ ಇವರೇ 42.5 ಕೋಟಿ ಡಾಲರ್ ಕೊಟ್ಟು ತಗೊಂಡರು. ಈಗ ಎರಡೂ ಒಂದೇ ಮನೆಯ ಮಕ್ಕಳು. ಟ್ರೆಲೊದ ಉಚಿತ ಪ್ಲಾನಿನಲ್ಲಿ ಒಂದು ವರ್ಕ್‌ಸ್ಪೇಸಿಗೆ ಹತ್ತು ಜನ, ಹತ್ತು ಬೋರ್ಡು.

ಕರಿತೆರೆ | ಮಂಗಳವಾರ ಬೆಳಿಗ್ಗೆ 8:20

ಒಂದುಹಾಳೆಯವರಿಗೆ: 2020ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16,000 ಕೋವಿಡ್ ಪ್ರಕರಣಗಳು ಲೆಕ್ಕಕ್ಕೇ ಸಿಗದೆ ಹೋದವು, ಗೊತ್ತಾ? ಹಳೇ ಎಕ್ಸ್‌ಎಲ್‌ಎಸ್ ಫೈಲಿನಲ್ಲಿ 65,536 ಸಾಲು ಮಾತ್ರ ಹಿಡಿಯುತ್ತೆ. ಅದರ ಆಚೆಯದ್ದು ಸದ್ದಿಲ್ಲದೆ ಬಿದ್ದುಹೋಯಿತು.

ತುಂಗಾತೀರ, ನನ್ನ ಓಟು ರೆಡ್‌ಮೈನ್‌ಗೆ. 2006ರಿಂದ ಇದೆ, ಮುಕ್ತ ತಂತ್ರಾಂಶ. ಸ್ವಂತ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು. ಇಮೇಲ್ ಕಳಿಸಿದರೆ ಅದೇ ಟಿಕೆಟ್ (ನಂಬರ್ ಇರುವ ದೂರು) ಆಗುವ ಹಾಗೆ ಮಾಡಬಹುದು. ನೋಡಲು ಹಳೇ ಅಂಬಾಸಿಡರ್ ಥರ ಇದೆ, ಒಪ್ಪುತ್ತೇನೆ. ಆದರೆ ಓಡುತ್ತೆ.

ಬೇರೆಯವರ ಕ್ಲೌಡ್ ನಂಬಿ ಕೂರುವುದು ಯಾಕೆ ಬೇಡ ಅಂದರೆ, ಅದು ಯಾವತ್ತಿದ್ದರೂ ಅವರದ್ದೇ. 2022ರ ಏಪ್ರಿಲಿನಲ್ಲಿ ಇದೇ ಅಟ್ಲಾಸಿಯನ್‌ನವರು ಯಾವುದೋ ಹಳೇ ಆ್ಯಪ್ ತೆಗೆಯಲು ಸ್ಕ್ರಿಪ್ಟ್ ಓಡಿಸಿದರು. ಅದು ಗ್ರಾಹಕರ ಸೈಟುಗಳನ್ನೇ ಅಳಿಸಿ ಕೂತಿತು. ಸುಮಾರು 775 ಗ್ರಾಹಕರಿಗೆ ತೊಂದರೆಯಾಯಿತು, ಕೆಲವರಿಗೆ ಎರಡು ವಾರದವರೆಗೆ ಏನೂ ಸಿಗಲಿಲ್ಲ. ಸ್ವಂತ ಯಂತ್ರದಲ್ಲಿ ಹಾಕಿಕೊಳ್ಳುತ್ತಿದ್ದ ಜಿರಾ ಸರ್ವರ್ ಆವೃತ್ತಿಗೆ 2024ರ ಫೆಬ್ರವರಿ 15ಕ್ಕೆ ಬೆಂಬಲ ನಿಂತಿತು. ಪಿವೋಟಲ್ ಟ್ರ್ಯಾಕರ್ ಅಂತ ಇಂಥದ್ದೇ ಟೂಲ್ ಒಂದಿತ್ತು, ಎಷ್ಟೋ ತಂಡಗಳು ವರ್ಷಗಟ್ಟಲೆ ಅದರಲ್ಲೇ ಬದುಕಿದ್ದವು. 2025ರ ಏಪ್ರಿಲ್ 30ಕ್ಕೆ ಅಂಗಡಿ ಮುಚ್ಚಿತು.

ಇನ್ನು ಟೂಲ್ ಚೆಂದ ಇದ್ದರೇ ಕೆಲಸ ಅನ್ನುವವರಿಗೆ: ಲಿನಕ್ಸ್ ಕರ್ನಲ್‌ಗೆ ಇವತ್ತಿಗೂ ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸುವುದು, ಅದರ ಮೇಲೆ ಜಗಳ ಆಡುವುದು, ಎಲ್ಲಾ ಇಮೇಲಿನಲ್ಲೇ.

ಒಂದುಹಾಳೆ | ಮಂಗಳವಾರ ಬೆಳಿಗ್ಗೆ 8:34

ಇವರ ಏಳು ಜನ 65,536 ಬಗ್ ಮಾಡಿದ ದಿನ ನಾನೇ ಬಂದು ಬೇರೆ ಟೂಲ್ ಹಾಕಿಕೊಡುತ್ತೇನೆ.

ಬಗ್‌ಬೇಟೆ | ಮಂಗಳವಾರ ಬೆಳಿಗ್ಗೆ 9:15

ಕರಿತೆರೆ ಸರ್, ರೆಡ್‌ಮೈನ್ ಒಳ್ಳೆಯದೇ. ಆದರೆ ಆ ಸರ್ವರ್‌ಗೆ ಅಪ್‌ಡೇಟ್ ಹಾಕುವವರು ಯಾರು? ಬ್ಯಾಕಪ್ ತೆಗೆಯುವವರು ಯಾರು? ತೆಗೆದ ಬ್ಯಾಕಪ್ ವಾಪಸ್ ಬರುತ್ತಾ ಅಂತ ಒಂದು ಸಲವಾದರೂ ನೋಡುವವರು ಯಾರು? ನಾಲ್ವರು ಡೆವಲಪರ್‌ಗಳಲ್ಲಿ ಒಬ್ಬರು ಅರ್ಧ ದಿನ ಅದಕ್ಕೆ ಕೂತರೆ ಮಂಡಿಯವರ ಬಿಲ್ಲು ಯಾರು ನೋಡಬೇಕು?

ಕರಿತೆರೆ | ಮಂಗಳವಾರ ಬೆಳಿಗ್ಗೆ 9:40

ನಾನಾದರೆ ಖುಷಿಯಿಂದ ಮಾಡುತ್ತೇನೆ. ಅವರ ತಂಡದಲ್ಲಿ ನನ್ನಂಥ ಹುಚ್ಚ ಇಲ್ಲದಿದ್ದರೆ ಬೇಡ. ಇಷ್ಟಂತೂ ಬಿಡುವುದಿಲ್ಲ: ಯಾವ ಟೂಲ್ ತಗೊಂಡರೂ ಮೊದಲ ದಿನವೇ ಎಕ್ಸ್‌ಪೋರ್ಟ್ ಒತ್ತಿ ನೋಡಿ. ನಿಮ್ಮ ಮಾಹಿತಿ ಪೂರ್ತಿ ಹೊರಗೆ ಬರುತ್ತಾ, ಫೋಟೋ, ಕಾಮೆಂಟು ಜೊತೆಗೆ ಬರುತ್ತಾ, ಅಂತ. ಸಂಬಂಧ ಮುರಿಯುವ ದಾರಿ ನೋಡಿಕೊಂಡೇ ಮದುವೆ ಆಗಬೇಕು.

ಅಕ್ಷರಅಳಿಲು | ಮಂಗಳವಾರ ಬೆಳಿಗ್ಗೆ 11:02

ಸಂಬಂಧದ ಮಾತು ಬೇಡ ಕರಿತೆರೆ ಅಣ್ಣ, ನಿಮ್ಮ ಮನೆಯಲ್ಲೂ ಇದನ್ನು ಓದುತ್ತಾರೆ.

ನಾನು ಹಳೇ ಕನ್ನಡ ಪುಸ್ತಕಗಳನ್ನು ವಿಕಿಸೋರ್ಸ್ ಅನ್ನುವ ಆನ್‌ಲೈನ್ ಗ್ರಂಥಾಲಯಕ್ಕೆ ಹಾಕುವ ಕೆಲಸಕ್ಕೆ ಬಿಡುವಿದ್ದಾಗ ಕೈಜೋಡಿಸುತ್ತೇನೆ. ಅಲ್ಲಿನ ಒಂದು ಪದ್ಧತಿ ನಿಮಗೆ ಉಪಯೋಗ ಆಗಬಹುದು. ಪುಸ್ತಕದ ಪ್ರತಿ ಪುಟಕ್ಕೂ ಒಂದು ಬಣ್ಣ. ಕರಡು ತಿದ್ದದ ಪುಟ ಕೆಂಪು. ಒಬ್ಬರು ತಿದ್ದಿದರೆ ಹಳದಿ. ಎರಡನೆಯವರು ಮತ್ತೆ ಓದಿ ಒಪ್ಪಿದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡಲು ಹೋದರೆ ಆಗುವುದಿಲ್ಲ, ಆ ಗುಂಡಿಯೇ ಕಾಣಿಸುವುದಿಲ್ಲ. ಸೂಚಿ ಪುಟ ತೆರೆದರೆ ಸಾಕು, ಇಡೀ ಪುಸ್ತಕ ಎಲ್ಲಿಗೆ ಬಂದಿದೆ ಅಂತ ಕಣ್ಣಿಗೇ ಗೊತ್ತಾಗುತ್ತೆ. ಬೇರೆ ರಿಪೋರ್ಟು ಬೇಡ, ಮೀಟಿಂಗೂ ಬೇಡ. ನಿಮ್ಮಲ್ಲೂ ಬಗ್ ಸರಿಮಾಡಿದವರೇ ಮುಗೀತು ಅಂತ ಮುಚ್ಚದ ಹಾಗೆ ನೋಡಿಕೊಳ್ಳಿ.

ಇನ್ನೊಂದು ಇದೆ, ಇದನ್ನು ಯಾರೂ ಹೇಳುವುದಿಲ್ಲ. ದೂರುಗಳನ್ನು ಕನ್ನಡದಲ್ಲಿ ಬರೆಯುತ್ತೀರಿ ತಾನೇ? ಹಾಗಾದರೆ ಹುಡುಕಾಟ ಸರಿಯಾಗಿ ಆಗುತ್ತಾ ಅಂತ ಮೊದಲೇ ಪರೀಕ್ಷೆ ಮಾಡಿ. "ಸಾಫ್ಟ್‌ವೇರ್" ಅಂತ ಒಬ್ಬರು ವ ಕೆಳಗೆ ಇಳಿಯದ ಹಾಗೆ ಬರೆಯುತ್ತಾರೆ. ಅದಕ್ಕೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂರುತ್ತೆ. ಇನ್ನೊಬ್ಬರು ಅದಿಲ್ಲದೆ "ಸಾಫ್ಟ್ವೇರ್" ಅಂತ ಒತ್ತು ಕೊಟ್ಟು ಬರೆಯುತ್ತಾರೆ. ಓದುವವರಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಒಂದನ್ನು ಹುಡುಕಿದರೆ ಎಷ್ಟೋ ಕಡೆ ಇನ್ನೊಂದು ಸಿಗುವುದೇ ಇಲ್ಲ. "ಪ್ರಿಂಟ್" ಅಂತ ಒಬ್ಬರು, "ಪ್ರಿಂಟು" ಅಂತ ಇನ್ನೊಬ್ಬರು ಬರೆದರೂ ಕಷ್ಟವೇ. ಹಾಗಾಗಿ ಬರಹ ನಂಬಬೇಡಿ, ಲೇಬಲ್ ಇಡಿ. ಹಮಾಲಿ, ತೂಕ, ಪ್ರಿಂಟ್, ಜಿಎಸ್‌ಟಿ. ಆರೇಳು ಸಾಕು.

ಎಕ್ಸ್‌ಪೋರ್ಟ್ ಮಾಡಿದ ಸಿಎಸ್‌ವಿ ಫೈಲನ್ನು ನೇರ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡದ ಬದಲು ಕಸ ಕಂಡರೆ ಗಾಬರಿ ಬೇಡ. ಡೇಟಾ ಇಂಪೋರ್ಟ್ ಮೂಲಕ ತೆರೆದು ಯುಟಿಎಫ್-8 ಆರಿಸಿದರೆ ಸರಿಯಾಗುತ್ತೆ.

ತುಂಗಾತೀರ | ಮಂಗಳವಾರ ಮಧ್ಯಾಹ್ನ 1:30

ಅಳಿಲು ಮೇಡಂ, ಕಾಣದ ಅಕ್ಷರದ ವಿಷಯ ಓದಿ ನಮ್ಮ ಡೆವಲಪರ್ ಒಬ್ಬ ಎದ್ದು ನಿಂತ. ನಮ್ಮ ಸಾಫ್ಟ್‌ವೇರಿನಲ್ಲಿ ರೈತರ ಹೆಸರು ಹುಡುಕಿದರೆ ಕೆಲವು ಸಲ ಸಿಗುವುದಿಲ್ಲ ಅಂತ ಬಹಳ ದಿನದಿಂದ ದೂರು ಇತ್ತು. ಕಾರಣ ಅದೇ! ಟೂಲ್ ಕೇಳಲು ಬಂದು ಬಗ್ ಸಿಕ್ಕಿತು.

ಸೆಂಟ್ರಿಂಗ್ | ಮಂಗಳವಾರ ರಾತ್ರಿ 8:50

ನಾನು ಸಾಫ್ಟ್‌ವೇರಿನವನಲ್ಲ. ಮೈಸೂರಿನಲ್ಲಿ ಮನೆ ಕಟ್ಟಿಸುವ ಸಿವಿಲ್ ಎಂಜಿನಿಯರ್. ಓದುತ್ತಾ ಓದುತ್ತಾ ಒಂದು ವಿಷಯ ತಲೆಗೆ ಬಂತು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕೆಲಸದಲ್ಲಿ ಎಲ್ಲವೂ ಒಂದರ ಬಾಲ ಒಂದು ಹಿಡಿದುಕೊಂಡಿರುತ್ತೆ. ತಾರಸಿ ಹಾಕುವ ದಿನ ತಗೊಳ್ಳಿ. ಸೆಂಟ್ರಿಂಗ್ ಹಲಗೆ ಆಗಬೇಕು, ಅದರ ಮೇಲೆ ಕಬ್ಬಿಣ ಕಟ್ಟಬೇಕು. ಕಬ್ಬಿಣ ಕಟ್ಟಿದ ಮೇಲೆ, ಕಾಂಕ್ರೀಟು ಬೀಳುವ ಮುಂಚೆ, ಎಲೆಕ್ಟ್ರಿಷಿಯನ್ ಬಂದು ಪೈಪು, ಫ್ಯಾನ್ ಬಾಕ್ಸ್ ಕೂರಿಸಬೇಕು. ಅವನಿಗೆ ಸಿಗುವುದು ಒಂದೇ ದಿನ. ಅವನು ಆ ದಿನ ಇನ್ನೊಂದು ಸೈಟಿಗೆ ಹೋದರೆ ಕಾಂಕ್ರೀಟಿನವರು, ಮಿಕ್ಸರು, ಹದಿನೈದು ಜನ ಕೂಲಿ, ಎಲ್ಲಾ ನಿಲ್ಲುತ್ತೆ. ಹಾಕಿದ ಮೇಲೂ ಆತುರ ಇಲ್ಲ. ಐಎಸ್ 456 (ಕಾಂಕ್ರೀಟಿನ ಭಾರತೀಯ ಮಾನದಂಡ) ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ ನೀರು ಕಟ್ಟಬೇಕು, ಹಾರುಬೂದಿ ಬೆರೆತ ಪಿಪಿಸಿಗೆ 10 ದಿನ. ನಾಲ್ಕೂವರೆ ಮೀಟರಿಗಿಂತ ಅಗಲದ ತಾರಸಿಯಾದರೆ ಕೆಳಗಿನ ಆಸರೆ ಕಂಬ 14 ದಿನ ತೆಗೆಯುವ ಹಾಗಿಲ್ಲ. ನಮ್ಮ ಮೇಸ್ತ್ರಿ 21 ಅನ್ನುತ್ತಾನೆ, ನಾನು ಜಗಳ ಆಡುವುದಿಲ್ಲ.

ಇಂಥ ಕೆಲಸಕ್ಕೆ ಯಾವುದು ಯಾವತ್ತಿನಿಂದ ಯಾವತ್ತಿನವರೆಗೆ ಅಂತ ಗೀಟು ಎಳೆದು ತೋರಿಸುವ ಗ್ಯಾಂಟ್ ಚಾರ್ಟ್ ಬೇಕೇ ಬೇಕು. ಯಾವುದು ತಡವಾದರೆ ಇಡೀ ಮನೆ ತಡ ಅಂತ ಹುಡುಕುವ ಲೆಕ್ಕ ಬಂದದ್ದೂ ಹೀಗೇ. 1957ರ ಸುಮಾರಿಗೆ ಡ್ಯುಪಾಂಟ್ ಕಂಪನಿಯವರು ತಮ್ಮ ಕಾರ್ಖಾನೆಗಳ ಕೆಲಸಕ್ಕೆ ಕ್ರಿಟಿಕಲ್ ಪಾತ್ ಮಾಡಿಕೊಂಡರು. ಮರುವರ್ಷ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗೆ ಪರ್ಟ್ ಅನ್ನುವ ಅಂಥದ್ದೇ ಲೆಕ್ಕ ಮಾಡಿತು.

ನಿಮ್ಮದು ಮನೆ ಕಟ್ಟುವ ಕೆಲಸ ಅಲ್ಲ ಸ್ವಾಮಿ. ನಿಮ್ಮದು ಸ್ಕೂಟರ್ ಗ್ಯಾರೇಜು. ಗಾಡಿ ಬರುತ್ತೆ, ನೋಡುತ್ತೀರಿ, ರಿಪೇರಿ ಮಾಡುತ್ತೀರಿ, ಕಳಿಸುತ್ತೀರಿ. ಒಂದು ಗಾಡಿಗೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಅಲ್ಲಿ ಬೇಕಿರುವುದು ಯಾವ ಗಾಡಿ ಎಲ್ಲಿ ನಿಂತಿದೆ, ಯಾರ ಕೈಯಲ್ಲಿದೆ, ಒಬ್ಬನ ಮುಂದೆ ಎಷ್ಟು ಬಿಚ್ಚಿಟ್ಟಿದ್ದಾನೆ ಅಷ್ಟೇ. ಟೊಯೊಟಾದಲ್ಲಿ ಟೈಇಚಿ ಓನೊ ತಂದ ಕಾನ್‌ಬಾನ್ ಇದೇ ಅಲ್ವಾ? ಆ ಪದಕ್ಕೆ ಜಪಾನಿಯಲ್ಲಿ ಬೋರ್ಡು ಅಂತಲೇ ಅರ್ಥ. ಗ್ಯಾರೇಜಿಗೆ ಗ್ಯಾಂಟ್ ಚಾರ್ಟ್ ಹಾಕಿದರೆ ದಿನಾ ಬೆಳಿಗ್ಗೆ ಅದನ್ನು ತಿದ್ದುವುದೇ ಒಂದು ಉದ್ಯೋಗ ಆಗುತ್ತೆ.

ಇನ್ನೊಂದು ಸಣ್ಣ ಮಾತು. ನಮ್ಮ ಆಫೀಸಿನಲ್ಲಿ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಇದೆ. ಅದನ್ನು ತೆರೆಯುವುದು ನಾನೊಬ್ಬನೇ. ಸೈಟಿನಲ್ಲಿ ಕೆಲಸ ನಡೆಯುವುದು ಸಿಮೆಂಟ್ ಶೆಡ್ಡಿನ ಬಾಗಿಲಿಗೆ ಅಂಟಿಸಿದ ಹಾಳೆ ನೋಡಿಕೊಂಡು. ಹಾಳೆಯ ಮೇಲೆ ಮೇಸ್ತ್ರಿ ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತಾನೆ. ಸಂಜೆ ನಾನು ಫೋಟೋ ತೆಗೆದುಕೊಂಡು ಬಂದು ಕಂಪ್ಯೂಟರಿಗೆ ಹಾಕುತ್ತೇನೆ. ಅವನಿಗೆ ಕಂಪ್ಯೂಟರ್ ಕಲಿಸುವುದಕ್ಕಿಂತ ನಾನು ಫೋಟೋ ತೆಗೆಯುವುದು ಸುಲಭ.

ಕಡಲಾಚೆ | ಬುಧವಾರ ಬೆಳಿಗ್ಗೆ 6:10

ಗ್ಯಾರೇಜು ಅಂದದ್ದು ಸರಿಯಾಗಿದೆ. ಆದರೆ ತುಂಗಾತೀರ ಅವರು ಹೊಸ ಆವೃತ್ತಿಯನ್ನೂ ಕಟ್ಟುತ್ತಾ ಇರಬೇಕಲ್ಲ? ಅದು ಮನೆ ಕಟ್ಟುವ ಕೆಲಸವೇ. ಎರಡನ್ನೂ ಒಂದೇ ಬೋರ್ಡಿನಲ್ಲಿ ಹಾಕಿದರೆ ರಿಪೇರಿಯೇ ಎಲ್ಲರ ಸಮಯ ತಿನ್ನುತ್ತೆ.

ತುಂಗಾತೀರ | ಬುಧವಾರ ಬೆಳಿಗ್ಗೆ 8:05

ಹೌದು, ಮೊಬೈಲಿನಲ್ಲೇ ತೂಕದ ಚೀಟಿ ತೋರಿಸುವ ಹೊಸ ಭಾಗ ಮಾಡುತ್ತಿದ್ದೇವೆ. ಯುಗಾದಿಯೊಳಗೆ ಆಗಬೇಕು ಅಂತ ಆಸೆ. ಅದು ಒಂದು ಇಂಚೂ ಮುಂದೆ ಹೋಗಿಲ್ಲ, ನೀವು ಹೇಳಿದ ಕಾರಣಕ್ಕೇ.

ಮಂಡಿಮೂಲೆ | ಬುಧವಾರ ಮಧ್ಯಾಹ್ನ 2:44

ನಾನು ಟೂಲ್ ಗೀಲ್ ಗೊತ್ತಿಲ್ಲದವನು. ಶಿರಸಿ ಕಡೆ ಒಂದು ಅಡಿಕೆ ವ್ಯಾಪಾರದಲ್ಲಿ ಬಿಲ್ಲು ಹಾಕುವವನು. ನಿಮ್ಮ ಸಾಫ್ಟ್‌ವೇರ್ ಅಲ್ಲ, ಬೇರೆಯವರದ್ದು. ಗಿರಾಕಿ ಕಡೆಯಿಂದ ಒಂದು ಮಾತು ಹೇಳಬಹುದಾ?

ನಮ್ಮ ಸಾಫ್ಟ್‌ವೇರಿನವರು ಹೋದ ವರ್ಷ ಹೊಸ ಪದ್ಧತಿ ಮಾಡಿದರು. ತೊಂದರೆ ಇದ್ದರೆ ಫೋನ್ ಮಾಡಬೇಡಿ, ಪೋರ್ಟಲ್‌ಗೆ ಹೋಗಿ ಟಿಕೆಟ್ ಹಾಕಿ ಅಂದರು. ವ್ಯಾಪಾರದ ಹೊತ್ತು, ಚಾಲಿ ಅಡಿಕೆ ಒಂದು ಕಡೆ, ಕೆಂಪುಗೋಟು ಅಡಿಕೆ ಒಂದು ಕಡೆ, ರೈತರು ಟೆಂಪೋ ಬಾಡಿಗೆ ಕೊಡಬೇಕು ಅಂತ ಅವಸರದಲ್ಲಿರುತ್ತಾರೆ. ಆಗ ನಾನು ಪಾಸ್‌ವರ್ಡ್ ಎಲ್ಲಿದೆ ಅಂತ ಹುಡುಕಲಾ? ಹಾಕಿದ ಮೇಲೆ ಒಂದು ನಂಬರು ಬರುತ್ತೆ. ಆ ನಂಬರು ಹಿಡಿದು ನಾನೇನು ಮಾಡಲಿ? ನನಗೆ ಬೇಕಿರುವುದು "ನೋಡಿದ್ದೇವೆ, ನಾಳೆ ಸಂಜೆಯೊಳಗೆ ಆಗುತ್ತೆ, ಅಲ್ಲಿಯವರೆಗೆ ಎರಡು ಬಿಲ್ಲು ಮಾಡಿ" ಅನ್ನುವ ಒಂದು ಮಾತು.

ನಿಮ್ಮ ಒಳಗಿನ ವ್ಯವಸ್ಥೆ ನಿಮ್ಮ ಒಳಗೇ ಇರಲಿ. ನಮ್ಮಿಂದ ವಾಟ್ಸಾಪ್ ಕಿತ್ತುಕೊಳ್ಳಬೇಡಿ.

ಬಗ್‌ಬೇಟೆ | ಬುಧವಾರ ಮಧ್ಯಾಹ್ನ 3:20

ತುಂಗಾತೀರ, ಮಂಡಿಯವರು ನಿಮ್ಮ ಜೊತೆ ಮಾತಾಡುವುದು ವಾಟ್ಸಾಪಿನಲ್ಲೇ ಇರಲಿ. ಅದನ್ನು ಬೋರ್ಡಿಗೆ ತರುವುದು ನಿಮ್ಮ ಸಪೋರ್ಟಿನವರ ಕೆಲಸ. ಆ ಎರಡರ ನಡುವೆ ಸೇತುವೆ ಹೇಗೆ ಅನ್ನುವುದೊಂದೇ ಈಗ ಪ್ರಶ್ನೆ.

ನನ್ನ ಸಲಹೆ ಕೇಳಿ ನಗಬೇಡಿ. ಎರಡು ವಾರ ಯಾವ ಟೂಲೂ ಬೇಡ. ಗೋಡೆಗೆ ಥರ್ಮಕೋಲ್ ಶೀಟ್, ಅದರ ಮೇಲೆ ಬಣ್ಣದ ಚೀಟಿ, ಗುಂಡುಸೂಜಿ. ಸಪೋರ್ಟಿನವರು ಫೋನಿನಲ್ಲಿ ಹೇಳಲಿ, ಆಫೀಸಿನಲ್ಲಿರುವವರು ಬರೆದು ಚುಚ್ಚಲಿ. ನಿಮ್ಮ ಕೆಲಸ ಎಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ಗೊತ್ತಾಗುತ್ತೆ. ಅದು ಗೊತ್ತಿಲ್ಲದೆ ಟೂಲ್ ಆರಿಸಿದರೆ ಅಳತೆ ಕೊಡದೆ ಅಂಗಿ ಹೊಲಿಸಿದ ಹಾಗೆ.

ಒಂದುಹಾಳೆ | ಬುಧವಾರ ಮಧ್ಯಾಹ್ನ 3:31

ಥರ್ಮಕೋಲ್ ಅಂದರೆ ಅದೂ ಒಂದು ಶೀಟ್. ನಾನು ಗೆದ್ದೆ.

ತುಂಗಾತೀರ | ಮೂರು ವಾರದ ನಂತರ, ಶನಿವಾರ ರಾತ್ರಿ 10:20

ಎಲ್ಲರಿಗೂ ತಡವಾಗಿ ಧನ್ಯವಾದ. ಸೀಸನ್ ಗಲಾಟೆಯಲ್ಲಿ ಈ ಕಡೆ ಬರಲು ಆಗಲಿಲ್ಲ.

ಥರ್ಮಕೋಲ್ ಮಾಡಿದೆವು. ಜೆರಾಕ್ಸ್ ಅಂಗಡಿಯಿಂದ ಶೀಟು, ಸೂಜಿ, ಹಳದಿ ಚೀಟಿ, ಎಲ್ಲಾ ಸೇರಿ ಇನ್ನೂರು ರೂಪಾಯಿ ಒಳಗೆ. ಬಂದಿದೆ, ಮಾಡುತ್ತಿದ್ದೇವೆ, ಗಿರಾಕಿಯ ಉತ್ತರ ಬೇಕು, ಪರೀಕ್ಷೆ, ಮುಗೀತು ಅಂತ ಐದು ಸಾಲು. ಎರಡು ವಾರದಲ್ಲಿ 26 ಚೀಟಿ ಆಯಿತು. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ನೋಡುತ್ತೇನೆ, ಅದರಲ್ಲಿ 11 ಚೀಟಿ "ಗಿರಾಕಿಯ ಉತ್ತರ ಬೇಕು" ಸಾಲಿನಲ್ಲಿ ಒಂದರ ಮೇಲೊಂದು ನೇತಾಡುತ್ತಿವೆ. ಸೂಜಿಗೂ ಜಾಗ ಇಲ್ಲ.

ನಾನು ಇಷ್ಟು ದಿನ ನಮ್ಮ ಡೆವಲಪರ್‌ಗಳೇ ನಿಧಾನ ಅಂದುಕೊಂಡಿದ್ದೆ. ಅವರ ಮುಂದೆ ಹಾಗೆ ಅಂದೂ ಇದ್ದೆ. ನಿಜ ಏನೆಂದರೆ, ದೂರು ಬರುವಾಗಲೇ ಅರ್ಧ ಬರುತ್ತಿತ್ತು. "ತೀರ್ಥಹಳ್ಳಿ ಮಂಡಿಯಲ್ಲಿ ಲೆಕ್ಕ ತಪ್ಪು ಬರ್ತಿದೆಯಂತೆ." ಯಾವ ಬಿಲ್ಲು? ಎಷ್ಟು ಬರಬೇಕಿತ್ತು, ಎಷ್ಟು ಬಂತು? ಕೇಳಲು ಫೋನ್ ಮಾಡಿದರೆ ಅವರು ಟೆಂಡರ್ ಹೊತ್ತಿನಲ್ಲಿ ಎತ್ತುವುದಿಲ್ಲ. ಸಂಜೆ ಅವರು ಮಾಡಿದಾಗ ನಾವು ಮನೆಗೆ ಹೋಗಿರುತ್ತೇವೆ.

ಹಾಗಾಗಿ ಮೊದಲು ಚೀಟಿಯನ್ನೇ ಸರಿಮಾಡಿದೆವು. ನಾಲ್ಕೇ ವಿಷಯ: ಯಾವ ಮಂಡಿ, ಬಿಲ್ ನಂಬರ್, ಬಂದದ್ದೆಷ್ಟು, ಬರಬೇಕಾದದ್ದೆಷ್ಟು. ಜೊತೆಗೆ ಸ್ಕ್ರೀನಿನ ಫೋಟೋ. ಇದಿಲ್ಲದೆ ಬಂದರೆ ಆಫೀಸಿನವರು ಅಲ್ಲೇ ಕೇಳಬೇಕು. ಮೂರನೇ ವಾರ ಆ ಸಾಲಿನಲ್ಲಿ ಮೂರು ಚೀಟಿ ಮಾತ್ರ.

ಆಮೇಲೆ ಟೂಲ್. ಬಗ್‌ಬೇಟೆ ಹೇಳಿದ ಹೆಲ್ಮೆಟ್ ಪರೀಕ್ಷೆಯನ್ನೇ ಮಾಡಿದೆವು. ಸಪೋರ್ಟಿನ ಇಬ್ಬರಿಗೆ ಮೂರು ಆ್ಯಪ್ ಹಾಕಿಕೊಟ್ಟು ನಿಜವಾದ ದೂರುಗಳನ್ನೇ ಹಾಕಿ ಅಂದೆವು. ಸೋತವುಗಳ ಹೆಸರು ಬೇಡ, ಅವು ಬೇರೆ ಕೆಲಸಕ್ಕೆ ಚೆನ್ನಾಗಿಯೇ ಇರಬಹುದು. ಒಂದರಲ್ಲಿ ಒಂದು ದೂರಿಗೆ ಎರಡು ನಿಮಿಷದ ಮೇಲಾಯಿತು. ಟ್ರೆಲೊದಲ್ಲಿ ಫೋಟೋ ತೆಗೆದು, ಶೇರ್ ಒತ್ತಿ, ಕಾರ್ಡ್ ಮಾಡಿ ಮುಗಿಸಲು ಅರ್ಧ ನಿಮಿಷ. ನಮ್ಮ ಹಿರಿಯ ಸಪೋರ್ಟಿನವರಿಗೆ ಐವತ್ತು ದಾಟಿದೆ, ಟೈಪಿಂಗ್ ಅಂದರೆ ಆಗುವುದಿಲ್ಲ. ಅವರು ಫೋನಿನ ಜಿಬೋರ್ಡ್ ಕೀಲಿಮಣೆಯ ಮೈಕ್ ಒತ್ತಿ ಕನ್ನಡದಲ್ಲಿ ಹೇಳುತ್ತಾರೆ, ಅದೇ ಅಕ್ಷರ ಆಗುತ್ತೆ. ಅದು ಗೊರಬಲನ್ನು ಏನೇನೋ ಬರೆಯುತ್ತೆ, ನಾವು ಅರ್ಥ ಮಾಡಿಕೊಳ್ಳುತ್ತೇವೆ.

ಹೊಸ ತೂಕದ ಚೀಟಿ ಕೆಲಸ ಗಿಟ್‌ಹಬ್ ಇಶ್ಯೂಸಿನಲ್ಲಿ ಹಾಕಿದ್ದೇವೆ. ಅದನ್ನು ನೋಡುವವರು ಕೋಡ್ ಬರೆಯುವವರು ಮಾತ್ರ. ನಾಲ್ವರಲ್ಲಿ ಇಬ್ಬರು ಒಂದು ವಾರ ರಿಪೇರಿ, ಇನ್ನಿಬ್ಬರು ಹೊಸದು, ಮರುವಾರ ಅದಲು ಬದಲು. ಅಳಿಲು ಮೇಡಂ ಹೇಳಿದ ಹಾಗೆ ಸರಿಮಾಡಿದವರು ಮುಚ್ಚುವಂತಿಲ್ಲ.

ಕರಿತೆರೆ | ಶನಿವಾರ ರಾತ್ರಿ 10:41

ಎರಡು ಜಾಗ ಆಯ್ತಲ್ಲ! ಮಂಡಿಯವರ ಬಗ್ ಸರಿಮಾಡಲು ಕೋಡ್ ಬದಲಿಸಿದರೆ ಅದನ್ನು ಎಲ್ಲಿ ಬರೆಯುತ್ತೀರಿ? ಎರಡೂ ಕಡೆ ಬರೆಯಲು ಹೊರಟರೆ ಒಂದು ತಿಂಗಳಿಗೆ ಎರಡೂ ಸುಳ್ಳಾಗುತ್ತೆ.

ತುಂಗಾತೀರ | ಶನಿವಾರ ರಾತ್ರಿ 10:52

ನಕಲು ಮಾಡುವುದಿಲ್ಲ. ಕಮಿಟ್ (ಕೋಡ್ ಬದಲಾವಣೆ ಉಳಿಸುವಾಗಿನ ಟಿಪ್ಪಣಿ) ಬರೆಯುವಾಗ ಕಾರ್ಡಿನ ಕೊಂಡಿ ಅದರಲ್ಲೇ ಹಾಕುತ್ತೇವೆ, ಅಷ್ಟೇ. ನಿಮಗೆ ಇಷ್ಟ ಆಗುವುದಿಲ್ಲ ಅಂತ ಗೊತ್ತಿತ್ತು. ಎಕ್ಸ್‌ಪೋರ್ಟ್ ಮಾತ್ರ ನೀವು ಹೇಳಿದ ಹಾಗೆ ಮೊದಲ ದಿನವೇ ಒತ್ತಿ ನೋಡಿದೆವು. ಕಾರ್ಡು, ಕಾಮೆಂಟು ಜೇಸನ್ ಫೈಲಿನಲ್ಲಿ ಬಂತು, ಫೋಟೋ ಬರಲಿಲ್ಲ, ಅದರ ಕೊಂಡಿ ಮಾತ್ರ ಬಂತು. ಈಗ ಫೋಟೋ ಇಳಿಸಿಕೊಳ್ಳಲು ಒಂದು ಸ್ಕ್ರಿಪ್ಟ್ ಬರೆದು ಭಾನುವಾರ ರಾತ್ರಿ ಓಡಿಸುತ್ತಿದ್ದೇವೆ.

ಕರಿತೆರೆ | ಶನಿವಾರ ರಾತ್ರಿ 10:55

ಫೋಟೋ ಬರಲ್ಲ ಅಂತ ಗೊತ್ತುಮಾಡಿಕೊಂಡಿರಲ್ಲ, ನನಗೆ ಅಷ್ಟು ಸಾಕು.

ಕಡಲಾಚೆ | ಭಾನುವಾರ ಬೆಳಿಗ್ಗೆ 6:30

"ಮಾಡುತ್ತಿದ್ದೇವೆ" ಸಾಲಿಗೆ ಮಿತಿ ಇಟ್ಟಿದ್ದೀರಾ? ಇಟ್ಟಿಲ್ಲದಿದ್ದರೆ ಇನ್ನೊಂದು ತಿಂಗಳಿಗೆ ಜನ ಅಲ್ಲಿ ನೇತುಹಾಕಲು ಶುರುಮಾಡುತ್ತಾರೆ, ಬರೆದಿಟ್ಟುಕೊಳ್ಳಿ.

ತುಂಗಾತೀರ | ಭಾನುವಾರ ಬೆಳಿಗ್ಗೆ 9:00

ತಲೆಗೆ ಎರಡು. ಮೂರನೆಯದು ಬೇಕಾದರೆ ಒಂದು ಮುಗಿಸಬೇಕು. ಮೊದಲ ದಿನವೇ ಇದನ್ನು ಮುರಿದವನು ನಾನೇ, ಹಾಗಾಗಿ ಎಲ್ಲರಿಗೂ ಟೀ ಕೊಡಿಸಿದೆ.

ಮಂಡಿಮೂಲೆ | ಭಾನುವಾರ ಬೆಳಿಗ್ಗೆ 10:15

ಒಂದು ಪ್ರಶ್ನೆ. ನಿಮ್ಮ ಕಾರ್ಡು ಮುಗಿದಾಗ ಮಂಡಿಯವನಿಗೆ ಯಾರು ಹೇಳುತ್ತಾರೆ?

ತುಂಗಾತೀರ | ಭಾನುವಾರ ಬೆಳಿಗ್ಗೆ 10:40

…ಇದನ್ನು ಯೋಚಿಸಿಯೇ ಇರಲಿಲ್ಲ. "ಮುಗೀತು" ಮುಂಚೆ "ಮಂಡಿಗೆ ಹೇಳಿ ಆಯ್ತು" ಅಂತ ಇನ್ನೊಂದು ಸಾಲು ಹಾಕುತ್ತೇನೆ. ದೂರು ತಂದವರೇ ಹೇಳಬೇಕು, ಅದೂ ವಾಟ್ಸಾಪಿನಲ್ಲೇ.